ನಿಕ್ಷೇಪವಿಚಾರ: ಪರಮಾಣು ತ್ಯಾಜ್ಯವೂ ಕೋಲಾರದ ಗಣಿಯೂ

ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪರಿಚಯವಿದ್ದೇ ಇದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಈ ಎಂಟರಲ್ಲಿ ನಿಕ್ಷೇಪವೆಂದರೆ ನೆಲದಲ್ಲಿ ಹೂಳಿಟ್ಟ ವಸ್ತು. ನೆಲದೊಡನೆ ಅದರ ಹಕ್ಕೂ ಪ್ರತಿಗ್ರಹೀತನಿಗೆ ಸಲ್ಲುತ್ತಿದ್ದಿತು. ಹೂಳಿಟ್ಟದ್ದು ಭೋಗಯೋಗ್ಯವೇ ಆಗಿರತಕ್ಕದ್ದೆಂದು ಶಾಸನಕಾರರ ಭಾವನೆ. ಯಾರಿಗೂ ಬೇಡವಾದ ನಿಕ್ಷೇಪವೊಂದು ಉಂಟಾದೀತೆಂಬುದು ಅವರ ಊಹೆಗೆ ನಿಲುಕುವಂತಿರಲಿಲ್ಲ. ಅಂಥದೊಂದು ಈಗ ಉಂಟಾಗಿದೆ. ಪರಮಾಣು ವಿದ್ಯುತ್ತಿನ ತ್ಯಾಜ್ಯವೇ ಅದು. ಅದನ್ನು ಯಾರ ನೆಲದಡಿಯಲ್ಲಿ, ಯಾರ ಒಪ್ಪಿಗೆಯಿಂದ ಇಡತಕ್ಕದ್ದೆಂಬ ವಿಷಯದಲ್ಲಿ ಕನ್ನಡನಾಡಿನಲ್ಲಿ ನಡೆದ ಸಂಗತಿಯು ವಿಚಾರಾರ್ಹವಾಗಿದೆ.

ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ಭಾರತದಲ್ಲಿ ಉರಿದು ತೀರಿದ ಇಂಧನವನ್ನು ಸಂಸ್ಕರಿಸಿ, ಅದರೊಳಗಿನ ಪ್ಲುಟೋನಿಯಮನ್ನು ತೆಗೆದುಕೊಂಡು, ಉಳಿದ ತೀವ್ರವಿಕಿರಣದ ದ್ರವವನ್ನು ಗಾಜಿನೊಡನೆ ಕರಗಿಸಿ ಘನವಾಗಿಸುವ ಕ್ರಮವು ರೂಢವಾಗಿದೆ. ಈ ಗಾಜು ಕೆಲವು ದಶಕಗಳವರೆಗೆ ಕಾವಲಿನಲ್ಲಿ ತಣಿಯಬೇಕು. ಅನಂತರ ಭೂಮಿಯ ಆಳದ ಗಟ್ಟಿಬಂಡೆಯಲ್ಲಿ ಅದನ್ನು ಶಾಶ್ವತವಾಗಿ ಹೂಳಬೇಕೆಂಬುದು ವಿಜ್ಞಾನಿಗಳ ಮತ. ಪ್ಲುಟೋನಿಯಂ 239ರ ಅರ್ಧಾಯುಷ್ಯವೇ ಸುಮಾರು 24,000 ವರ್ಷಗಳೆಂದ ಮೇಲೆ, ಇಂಥ ದ್ರವ್ಯಗಳ ವಿಷಯದಲ್ಲಿ ಶಾಶ್ವತಶಬ್ದವು ಕೇವಲ ಅಲಂಕಾರೋಕ್ತಿಯಲ್ಲ.

ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯವರ ಆಡಳಿತವು ಮೊದಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊಟ್ಟಮೊದಲು ಹರಿದದ್ದು ಈ ಗಣಿಗೇ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳವನ್ನು ಮುಟ್ಟಿತು. 1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶವಾದವು. 2001ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಮುಚ್ಚಲ್ಪಟ್ಟವು. ಸುಮಾರು 800 ಟನ್ನು ಚಿನ್ನವು ಹೊರಗೆ ಹೋಯಿತು. ಊರಿಗೆ ಉಳಿದದ್ದು ಕೆಲಸವಿಲ್ಲದ ಕುಟುಂಬಗಳು, ಗಾಳಿಗೆ ಧೂಳೆಬ್ಬಿಸುವ ಸಯನೈಡ್ ದಿಬ್ಬಗಳು. ಗಣಿಯು ಇನ್ನೂ ನಡೆಯುತ್ತಿದ್ದಾಗಲೇ, 1980ರ ದಶಕದಲ್ಲಿ, ಅದರ ಬಿಟ್ಟುಬಿಟ್ಟ ಭಾಗವೊಂದರಲ್ಲಿ ಸುಮಾರು ಸಾವಿರ ಮೀಟರು ಆಳದಲ್ಲಿ ಪರಮಾಣು ಇಲಾಖೆಯ ವಿಜ್ಞಾನಿಗಳು ಪ್ರಯೋಗವನ್ನು ನಡೆಸಿದರು. ಅಲ್ಲಿ ತ್ಯಾಜ್ಯವನ್ನಿಡದೆ, ವಿದ್ಯುತ್ತಿನಿಂದ ಬಂಡೆಯನ್ನು ಕಾಯಿಸಿ, ತ್ಯಾಜ್ಯದ ಶಾಖಕ್ಕೆ ಅದು ಹೇಗೆ ವರ್ತಿಸುವುದೆಂಬುದನ್ನು ಅಳೆದರು.

2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯುತ್ತಿರುವಾಗ, ಅಲ್ಲಿಯ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುವಿರೆಂಬ ಪ್ರಶ್ನೆ ಬಂದಿತು. ಸರಕಾರದ ಪಕ್ಷದಿಂದ ಬಂದ ಉತ್ತರದಲ್ಲಿ ಕೋಲಾರದ ಗಣಿಯ ಹೆಸರು ಕೇಳಿಬಂದಿತು. ಗಣಿಯ ಊರಿನವರಿಗೆ ಇದು ತಿಳಿದದ್ದು ವರ್ತಮಾನಪತ್ರಗಳಿಂದ. ಕೋಲಾರ ಸೀಮೆಯಲ್ಲಿ ಪ್ರತಿಭಟನೆಗಳು ನಡೆದವು; ಮುಖ್ಯಮಂತ್ರಿ ಜಗದೀಶ ಶೆಟ್ಟರ ಅವರೂ ವಿರೋಧವನ್ನು ಸೂಚಿಸಿದರು. ಅನತಿಕಾಲದಲ್ಲಿಯೇ, ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರದ ಅಧಿಕಾರಿಗಳು ಸಾರಿದರು. 2013ರ ಮೇ 6ರ ತೀರ್ಪಿನಲ್ಲಿ ನ್ಯಾಯಾಲಯವು ಸ್ಥಾವರಕ್ಕೆ ಸಮ್ಮತಿಯಿತ್ತು, ಆಳದ ಶಾಶ್ವತ ನಿಕ್ಷೇಪಸ್ಥಾನವನ್ನು ಶೀಘ್ರದಲ್ಲಿ ಸ್ಥಾಪಿಸಬೇಕೆಂದು ವಿಧಿಸಿತು, ಸ್ಥಳವಾವುದೆಂದು ಗೊತ್ತುಮಾಡಲಿಲ್ಲ.

ಇಲ್ಲಿ ಪೂರ್ವಪಕ್ಷವಿಷ್ಟು: ಗಣಿಯು ಆಳವಾಗಿದೆ, ಶಿಲೆಯು ದೃಢವಾಗಿದೆ, ಸ್ಥಳವು ನಿರುಪಯುಕ್ತವಾಗಿ ಬಿದ್ದಿದೆ, ಆದುದರಿಂದ ಯೋಗ್ಯವೆಂದು. ಇದಕ್ಕೆ ಸಮಾಧಾನವೇನೆಂದರೆ, ಆಳವೊಂದೇ ಸಾಲದು. ಈ ಗಣಿಯು ಬಂಡೆಸಿಡಿತಗಳಿಗೆ ಹೆಸರಾದದ್ದು; ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನೀರೇ ತ್ಯಾಜ್ಯಕ್ಕೆ ವಾಹನವಾದುದರಿಂದ ಈ ದೋಷವು ಅಲ್ಪವಲ್ಲ. ಇನ್ನು ನಿರುಪಯುಕ್ತವೆಂಬ ಹೇತುವಂತೂ ಆಭಾಸವೇ ಸರಿ. ಚಿನ್ನವನ್ನು ತೆಗೆದು ಬರಿದುಮಾಡಿದ ಕಾರಣದಿಂದಲೇ ಆ ನೆಲವು ಬರಿದಾಗಿದೆ. ಒಂದು ಸಲ ಕಳೆದುಕೊಂಡವರೇ ಮತ್ತೊಂದು ಸಲ ಹೊರಬೇಕೆಂಬುದು ನ್ಯಾಯವಾಗಲಾರದು.

ದೇಶಾಂತರಗಳ ಅನುಭವವೂ ಇದನ್ನೇ ತೋರಿಸುತ್ತದೆ. ಅಮೇರಿಕದಲ್ಲಿ 1987ರಲ್ಲಿ ಶಾಸನಸಭೆಯು ಉಳಿದ ಸ್ಥಳಗಳನ್ನು ಕೈಬಿಟ್ಟು ನೆವಾಡಾ ಸಂಸ್ಥಾನದ ಯಕ್ಕಾ ಪರ್ವತವೊಂದನ್ನೇ ನಿಯಮಿಸಿತು. ಆ ಸಂಸ್ಥಾನದ ಸತತ ವಿರೋಧದಿಂದ ಕೆಲಸವು ನಿಂತುಹೋಯಿತು. ಜರ್ಮನಿಯಲ್ಲಿ 1977ರಲ್ಲಿ ಆರಿಸಲ್ಪಟ್ಟ ಗೋರ್ಲೇಬೆನ್ 2020ರಲ್ಲಿ ತಳ್ಳಿಹಾಕಲ್ಪಟ್ಟಿತು. ಫಿನ್‌ಲೆಂಡಿನಲ್ಲಾದರೋ ಬೇಡವೆನ್ನುವ ಅಧಿಕಾರವು ಊರಿನ ಸಭೆಗೇ ಇದ್ದಿತು. ಎವುರಾಯೋಕಿ ಊರಿನ ಸಭೆಯು 2000ದಲ್ಲಿ ಒಪ್ಪಿತು, 2001ರಲ್ಲಿ ಪಾರ್ಲಿಮೆಂಟು ಅನುಮೋದಿಸಿತು, ಸುರಂಗವೂ ಸಿದ್ಧವಾಯಿತು. ಬೇಡವೆನ್ನಲು ಅಧಿಕಾರವಿದ್ದ ಊರೇ ಬೇಕೆಂದಿತೆಂಬುದು ಗಮನಾರ್ಹವಾಗಿದೆ.

ಬೆಳಗಾವಿ ಸೀಮೆಗೂ ಈ ವಿಚಾರವು ಪರಕೀಯವಲ್ಲ. ಬೈಲಹೊಂಗಲ ತಾಲೂಕಿನ ದೇಶನೂರಿನ ಸುತ್ತಲಿನ ಮರಳುಗಲ್ಲಿನಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜಗಳ ಶೋಧಕರು ಗುರುತಿಸಿದ್ದಾರೆ. ಮಲಪ್ರಭೆಯು ಈ ಸೀಮೆಯಲ್ಲಿ ಹರಿದು, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಕಟ್ಟೆಗೆ ಸಿಕ್ಕಿ, ರಾಮದುರ್ಗದ ಕಡೆಗೆ ಸಾಗುತ್ತಾಳೆ. ಅಗೆಯುವುದಾಗಲಿ ಹೂಳುವುದಾಗಲಿ ಒಂದೂರಿನಲ್ಲಿ ನಡೆದರೂ, ನೀರಿನ ಮೂಲಕ ಕೆಳಗಣ ಊರುಗಳೆಲ್ಲಕ್ಕೂ ಅದರ ಸಂಬಂಧವುಂಟು.

ಇದೇ ಸವದತ್ತಿಯಲ್ಲಿ ರಟ್ಟರ ಶಾಂತಿವರ್ಮನು 980ರಲ್ಲಿ ತಾನು ಕಟ್ಟಿಸಿದ ಬಸದಿಗೆ ಭೂಮಿಯನ್ನು ಬಿಟ್ಟ ಶಾಸನವಿದೆ. ಭೂದಾನಶಾಸನಗಳಲ್ಲಿ ಎಲ್ಲೆಕಲ್ಲುಗಳನ್ನು ಹೆಸರಿಸುವುದೂ, ಮಹಾಜನರನ್ನೋ ಗಾವುಂಡರನ್ನೋ ಸಾಕ್ಷಿಗೆ ನಿಲ್ಲಿಸುವುದೂ, ಅಳಿದವರಿಗೆ ಶಾಪವನ್ನು ಬರೆಯುವುದೂ ರೂಢಿ. ಹೂಟೆಯ ಹೊಲವೊಂದಕ್ಕೇ ಇಷ್ಟು ಸಾಕ್ಷಿಯನ್ನು ಬೇಡಿದ ನಾಡಿನಲ್ಲಿ, ಸಹಸ್ರಾರು ವರ್ಷಗಳ ನಿಕ್ಷೇಪಕ್ಕೆ ಊರವರ ಸಾಕ್ಷಿ ಬೇಡವೆನ್ನುವುದು ಹೇಗೆ? ಮತ್ತೊಂದು ಮಾತು: ಆ ಶಾಸನಕ್ಕೆ ಸಾವಿರ ವರ್ಷವಷ್ಟೇ ಸಂದಿದೆ, ಇಷ್ಟರಲ್ಲಿಯೇ ಅದರ ಲಿಪಿಯನ್ನು ಊರಿನ ಸಾಮಾನ್ಯ ಜನರು ಓದಲಾರರು. ಹಾಗಿರಲು, ಹತ್ತು ಸಾವಿರ ವರ್ಷಗಳ ಮುಂದಿನವರಿಗೆ ಇಲ್ಲಿ ಅಗೆಯಬೇಡಿರೆಂದು ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ ಬರೆದಿಡುವುದು? ಇದು ಶಿಲಾಶಾಸ್ತ್ರಜ್ಞರೊಬ್ಬರಿಂದಲೇ ತೀರುವ ಪ್ರಶ್ನೆಯಲ್ಲ, ಭಾಷಾಶಾಸ್ತ್ರಜ್ಞರಿಗೂ ಸೇರಿದ್ದು.

ತ್ಯಾಜ್ಯವು ಈಗಾಗಲೇ ಹುಟ್ಟಿದೆ. ಎಲ್ಲಿಯಾದರೂ ಅದನ್ನು ಇಡಲೇಬೇಕು. ಎಲ್ಲ ಊರುಗಳೂ ಬೇಡವೆಂದರೆ ಅದು ಇಲ್ಲವಾಗುವುದಿಲ್ಲ. ಆದರೆ ಸ್ಥಳನಿರ್ಣಯವು ನ್ಯಾಯಾಲಯದ ವಾದದ ನಡುವೆ ಹೊರಬಿದ್ದು, ಗದ್ದಲವಾದೊಡನೆ ಹಿಂದಕ್ಕೆ ಸರಿಯುವ ಮಾತಾಗಬಾರದು. ಶಿಲೆಯ ಪರೀಕ್ಷೆಯ ಫಲವು ಬಹಿರಂಗವಾಗಬೇಕು. ಊರಿಗೆ ಒಪ್ಪುವ ಅಧಿಕಾರದಂತೆ ಒಲ್ಲೆನೆನ್ನುವ ಅಧಿಕಾರವೂ ಇರಬೇಕು. ಅಷ್ಟಭೋಗಗಳಲ್ಲಿ ನಿಕ್ಷೇಪದೊಡನೆ ಆಗಾಮಿಯೂ, ಎಂದರೆ ಮುಂದೆ ಬರತಕ್ಕದ್ದೂ, ಎಣಿಸಲ್ಪಟ್ಟಿದೆ. ಈ ನಿಕ್ಷೇಪದ ವಿಷಯದಲ್ಲಿ ಆಗಾಮಿಯ ಹಕ್ಕುದಾರರು ಇನ್ನೂ ಹುಟ್ಟದವರು; ಅವರ ಪರವಾಗಿ ಈಗಿನವರೇ ಸಾಕ್ಷಿಗೆ ನಿಲ್ಲತಕ್ಕದ್ದು.