ಹೋದ ಹಲ್ಲಿಗೆ ಲೋಹದ ಬೇರು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಕೊಬ್ಬರಿಗೂ ಹೇಳಬಹುದು. ಶಿಂಷೆಯ ನೀರು ತುಂಬುವ ಕೆರೆ, ಅದರ ಆಸರೆಯ ತೆಂಗು-ಅಡಿಕೆ ತೋಟಗಳು, ಹೊಲದ ರಾಗಿ ಇಲ್ಲಿನ ಬದುಕು. ಮುದ್ದೆಯನ್ನೇನೋ ನುಂಗಿದರಾಯಿತು, ಹಲ್ಲಿನ ಹಂಗಿಲ್ಲ. ಕೊಬ್ಬರಿ ಚೂರು ಬಾಯಿಗೆ ಬಿದ್ದಾಗಲೇ ಪೇಚು.

ಹೋದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ನೆಡುವ ಆಸೆ ಬಹಳ ಹಳೆಯದು. ಕ್ರಿ.ಶ. 600ರ ಸುಮಾರಿನ ಮಾಯಾ ಜನರ ದವಡೆಯೊಂದರಲ್ಲಿ ಹಲ್ಲಿನಂತೆ ಕೂರಿಸಿದ ಚಿಪ್ಪಿನ ಚೂರುಗಳು ಸಿಕ್ಕಿವೆ. ಆದರೆ ಮೂಳೆಯನ್ನು ಒಲಿಸಿಕೊಳ್ಳುವ ಗುಟ್ಟು ತಿಳಿದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ರಕ್ತಸಂಚಾರವನ್ನು ನೋಡಲೆಂದು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ಎಳೆದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ಅಪ್ಪಿಕೊಂಡಿತ್ತು! 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ಇಂಥ ಬೇರುಗಳನ್ನು ಕೂರಿಸಲಾಯಿತು. 2006ರಲ್ಲಿ ತೀರಿಕೊಳ್ಳುವವರೆಗೂ ಅವರು ಅವುಗಳ ಬಲದಿಂದಲೇ ಅಗಿದು ಉಂಡರು. ಆದರೂ ದಂತವೈದ್ಯ ಲೋಕ ಇದನ್ನು ನಂಬಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರವೇ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. ಕಡಬದವರಿಗೆ ಹತ್ತಿರದ ತುಮಕೂರಿನಲ್ಲಿ ಸಿದ್ಧಾರ್ಥ ದಂತ ಕಾಲೇಜು 1992ರಲ್ಲಿ ಆರಂಭವಾಯಿತು. 2014ರಲ್ಲಿ ರಾಜ್ಯ ಸರ್ಕಾರ 'ದಂತಭಾಗ್ಯ' ಯೋಜನೆ ತಂದು, ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಒದಗಿಸಲು ಹೊರಟಿತು. ಒಳ್ಳೆಯ ಕೆಲಸವೇ ಸರಿ. ತೊಡಕಿರುವುದು ಸೆಟ್ಟಿನ ಸ್ವಭಾವದಲ್ಲಿ. ಅದು ಒಸಡಿನ ಮೇಲೆ ಕೂರುತ್ತದೆ, ಬೇರಿಲ್ಲದ ಮೂಳೆಯೋ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಕೆಳಗಿನ ಸೆಟ್ಟು ಸಡಿಲವಾಗಿ ಕೊನೆಗೆ ಗೂಡು ಸೇರುತ್ತದೆ.

ಮೂಳೆಯೊಳಗೆ ನೆಟ್ಟ ಬೇರು ಈ ಸವೆತವನ್ನು ತಡೆಹಿಡಿಯುತ್ತದೆ. ಇಂಪ್ಲಾಂಟಿನ ನಿಜವಾದ ಬೆಲೆ ಇಲ್ಲಿದೆ, ಅಂದದಲ್ಲಲ್ಲ. ಆದರೆ ಖಾಸಗಿ ಚಿಕಿತ್ಸಾಲಯದಲ್ಲಿ ಒಂದು ಹಲ್ಲಿಗೇ ಹತ್ತಾರು ಸಾವಿರ ರೂಪಾಯಿ ಬೇಕು. ಟೈಟಾನಿಯಂ ಏನೂ ಚಿನ್ನವಲ್ಲ, ಅದರ ಅದಿರು ಕೇರಳದ ಕಡಲ ಮರಳಿನಲ್ಲೂ ಇದೆ. ಹಣ ಹೋಗುವುದು ಕೂದಲೆಳೆಯಷ್ಟೂ ತಪ್ಪದ ತಯಾರಿಕೆಗೆ, ಸ್ಕ್ಯಾನ್‌ಗೆ, ಶಸ್ತ್ರಚಿಕಿತ್ಸೆಗೆ, ಮೇಲಿನ ಹಲ್ಲಿಗೆ.

ಬಾಯಿತುಂಬ ಬೇರು ನೆಡಬೇಕಾಗಿಯೂ ಇಲ್ಲ. ಹಲ್ಲೆಲ್ಲ ಹೋದ ಕೆಳದವಡೆಗೆ ಎರಡೇ ಬೇರು ನೆಟ್ಟು, ಸೆಟ್ಟನ್ನು ಗುಂಡಿಯಂತೆ ಅವಕ್ಕೆ ಸಿಕ್ಕಿಸುವುದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ಉಚಿತ ಸೆಟ್ಟಿನ ಯೋಜನೆಗೆ ಜೋಡಿಸಬಹುದಾದ ಮಾತಿದು. ಆದರೆ ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಆ ಎರಡು ಬೇರೂ ಹಿಡಿಯದೆ ಹೋಗುವ ಭಯ ಹೆಚ್ಚು.