ಮಹಾಮನೆಯ ಅಂಗಳವನ್ನು ಕಾಯ್ದವರು : ಕಾಯಕಜೀವಿ ಶರಣೆಯರು

12ನೆಯ ಶತಮಾನದ ಕಲ್ಯಾಣವನ್ನು ನೆನೆದಾಗ ಭಕ್ತರ ಮನದಲ್ಲಿ ಮೊದಲು ಮೂಡುವುದು ಬಸವಣ್ಣನವರ ಮಹಾಮನೆ, ಅಲ್ಲಮಪ್ರಭುದೇವರ ಶೂನ್ಯಸಿಂಹಾಸನ, ಚನ್ನಬಸವಣ್ಣನವರ ಜ್ಞಾನ, ಅಕ್ಕಮಹಾದೇವಿಯವರ ವೈರಾಗ್ಯ. ಇವೆಲ್ಲವೂ ನಿತ್ಯಸ್ಮರಣೀಯವಾದವುಗಳೇ. ಆದರೆ ಮಹಾಮನೆಯ ಬಾಗಿಲಿನಿಂದ ಅಂಗಳದ ಕಡೆಗೆ ದೃಷ್ಟಿ ಹೊರಳಿಸಿದರೆ ಅಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವರು, ಕಸ ಗುಡಿಸುವವರು, ನೂಲು ತೆಗೆಯುವವರು, ಧೂಪ ಹಾಕುವವರು ಕಾಣುತ್ತಾರೆ. ಅವರಲ್ಲಿ ಅನೇಕರು ಸ್ತ್ರೀಯರು. ಅರಸೊತ್ತಿಗೆಯ ಶಾಸನಗಳಲ್ಲಿ ಅಂಥವರಿಗೆ ಸ್ಥಾನವಿರಲಿಲ್ಲ. ಆದರೆ ಶರಣಧರ್ಮವು ಬರಿಯ ಮಾತಾಗಿ ಉಳಿಯದೆ ಬದುಕಾಗಿ ಬೇರೂರಿದ್ದರಲ್ಲಿ ಈ ತಾಯಂದಿರ ಪಾಲು ದೊಡ್ಡದು.

ಸಮಾಜದ ಪರಿವರ್ತನೆಯು ಘೋಷಣೆಯಿಂದ ಆರಂಭವಾಗಬಹುದು. ಆದರೆ ಅದು ನೆಲೆಗೊಳ್ಳುವುದು ಅಡುಗೆಮನೆಯಲ್ಲಿ, ಬೀದಿಯಲ್ಲಿ, ರಾಟೆಯ ಮುಂದೆ. ಕಲ್ಯಾಣದ ಶರಣೆಯರು ಕೇವಲ ಅನುಯಾಯಿಗಳಾಗಿ ಬಂದವರಲ್ಲ. ಹೊರಗಿನ ಅನ್ಯಾಯವನ್ನು ಪ್ರಶ್ನಿಸಿದಂತೆಯೇ ಒಳಗಿನ ಲೋಪವನ್ನೂ ಪ್ರಶ್ನಿಸಿ, ಶರಣಸಂಕುಲವನ್ನು ಅದರ ತತ್ತ್ವಕ್ಕೆ ಬದ್ಧವಾಗಿ ಉಳಿಸಿದ ಕಾವಲುಗಾರರು ಅವರು. ಅವರ ಹಿರಿಮೆಯನ್ನು ಅರಿಯಬೇಕಾದುದು ಈ ಬೆಳಕಿನಲ್ಲಿ.

ಅಂದಿನ ಕಾಲದಲ್ಲಿ ಸ್ತ್ರೀಗೆ ಉಪನಯನವಿರಲಿಲ್ಲ, ವೇದಾಧ್ಯಯನದ ಅಧಿಕಾರವಿರಲಿಲ್ಲ. ಸೂತಕದ ಹೆಸರಿನಲ್ಲಿ ತಿಂಗಳಿನ ಕೆಲವು ದಿನ ಅವಳು ತನ್ನ ಮನೆಯಲ್ಲಿಯೇ ಹೊರಗಿನವಳಾಗುತ್ತಿದ್ದಳು. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಇಷ್ಟಲಿಂಗವು ಗಂಡಿನ ಕರಸ್ಥಲಕ್ಕೆ ಬಂದಂತೆಯೇ ಹೆಣ್ಣಿನ ಕರಸ್ಥಲಕ್ಕೂ ಬಂದಿತು. ದೇವರಿಗೂ ಅವಳಿಗೂ ನಡುವೆ ನಿಲ್ಲುವ ಮಧ್ಯವರ್ತಿಯ ಅಗತ್ಯವೇ ಇಲ್ಲವಾಯಿತು. ಇದರಿಂದ ಎರಡು ಸಂಗತಿಗಳು ಸಹಜವಾಗಿ ಹೊರಹೊಮ್ಮಿದವು : ಒಂದು, ಅವಳಿಗೆ ತನ್ನದೇ ಆದ ಕಾಯಕ, ಇನ್ನೊಂದು, ಅವಳಿಗೆ ತನ್ನದೇ ಆದ ಮಾತು. ಇಂದು ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ದೊರೆತಿವೆ. ಕರ್ನಾಟಕ ಸರಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಸಂಪೂರ್ಣವಾಗಿ ಶಿವಶರಣೆಯರಿಗೇ ಮೀಸಲಾಗಿದೆ. ಅಷ್ಟು ಹಿಂದೆ, ಒಂದೇ ನಾಡಿನಲ್ಲಿ, ಇಷ್ಟು ಜನ ದುಡಿಯುವ ಮಹಿಳೆಯರು ತಮ್ಮ ಅನುಭಾವವನ್ನು ತಮ್ಮದೇ ಮಾತಿನಲ್ಲಿ ಹೇಳಿದ ಉದಾಹರಣೆ ಲೋಕದಲ್ಲಿಯೇ ವಿರಳ.

ಈ ಪರಂಪರೆಯಲ್ಲಿ ಮೊದಲು ನೆನೆಯಬೇಕಾದವರು ಆಯ್ದಕ್ಕಿ ಲಕ್ಕಮ್ಮನವರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಈ ದಂಪತಿಗಳ ಮೂಲಸ್ಥಳ. ಲಕ್ಕಮ್ಮನವರ ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅದರಿಂದಲೇ ಅವರ ಮನೆಯ ದಾಸೋಹ ನಡೆಯುತ್ತಿತ್ತು. ಕಾಯಕವನ್ನು ಕೈಲಾಸಕ್ಕೆ ಸಮಗೊಳಿಸುವ, ಇಂದು ನಾಡಿನ ಮನೆಮಾತಾಗಿರುವ ನುಡಿಯು ಈ ಮಾರಯ್ಯನವರ ವಚನದಲ್ಲಿಯೇ ಬರುತ್ತದೆ. ಆದರೆ ಆ ನುಡಿಯನ್ನು ಮನೆಯ ನಿಯಮವಾಗಿ ಕಾಯ್ದವರು ಲಕ್ಕಮ್ಮನವರು. ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಮಾರಯ್ಯನವರು ಕಾಯಕದ ಹೊತ್ತನ್ನು ಮೀರಿದಾಗ, ಕಾಯಕ ನಿಂತುಹೋಗಿದೆ ಎಂದು ಎಚ್ಚರಿಸಿ ಅವರನ್ನು ಕಳುಹಿಸಿದವರು ಅವರೇ.

ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಆಸೆಯು ಅರಸರಿಗೆ ಸಲ್ಲುವುದೇ ಹೊರತು ಶಿವಭಕ್ತರಿಗಲ್ಲವೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಅದು ಬಂದ ಸ್ಥಳಕ್ಕೇ ಹಿಂತಿರುಗಿಸಿ ಬರುವಂತೆ ಪತಿಗೆ ಹೇಳಿದರು. ಅನಂತರ ಉಳಿದ ಅಳತೆಯ ಅಕ್ಕಿಯಿಂದಲೇ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಪ್ರಸಾದ ನಡೆಯಿತೆಂದು ಪರಂಪರೆಯು ಹೇಳುತ್ತದೆ. ಸಾಮಾನ್ಯವಾಗಿ ಈ ಕಥೆಯಲ್ಲಿ ಪವಾಡದ ಭಾಗವೇ ಹೆಚ್ಚು ಹೇಳಲ್ಪಡುತ್ತದೆ. ಆದರೆ ಪವಾಡಕ್ಕಿಂತ ಮೊದಲು ಅಲ್ಲೊಂದು ಲೆಕ್ಕವಿದೆ. ಆ ಅಕ್ಕಿ ಕಳವಿನದಲ್ಲ, ಬೇಡಿ ತಂದದ್ದೂ ಅಲ್ಲ. ಸ್ವತಃ ಬಸವಣ್ಣನವರ ಅಂಗಳದ್ದು. ಆದರೂ ಅದು ಇಂದಿನ ದುಡಿಮೆಗೆ ಮೀರಿದ್ದು, ಇಂದಿನ ಅಗತ್ಯಕ್ಕೆ ಮೀರಿದ್ದು. ದೊಡ್ಡವರ ಮನೆಯ ಔದಾರ್ಯವೂ ಬಡವನ ಕಾಯಕವನ್ನು ಸಡಿಲಗೊಳಿಸಬಾರದೆಂಬ ಈ ತೀರ್ಪನ್ನು ಕೊಟ್ಟವರು ಯಾವ ಪೀಠದ ಮೇಲೂ ಕುಳಿತವರಲ್ಲ. ಗುಡಿಸಲಿನಲ್ಲಿ ಒಲೆಯ ಮುಂದೆ ನಿಂತಿದ್ದ ತಾಯಿ ಅವರು.

ಲಕ್ಕಮ್ಮನವರು ಮನೆಗೆ ಬಂದ ಹೆಚ್ಚಿನದನ್ನು ಹಿಂದಿರುಗಿಸಿದರೆ, ಸತ್ಯಕ್ಕನವರು ಬೀದಿಯಲ್ಲಿ ಬಿದ್ದದ್ದನ್ನೂ ಮುಟ್ಟೆನೆಂದರು. ಇವರು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಹಿರೇಜಂಬೂರಿನವರು. ಶಂಭುಜಕ್ಕೇಶ್ವರ ಇವರ ಅಂಕಿತ. ಶಿವಶರಣರ ಮನೆಯಂಗಳದ ಕಸ ಗುಡಿಸುವುದು ಇವರ ಕಾಯಕ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಕೈ ಚಾಚುವುದಿಲ್ಲ ಎಂದು ಅವರು ವಚನದಲ್ಲಿ ಪ್ರತಿಜ್ಞೆ ಮಾಡಿದ್ದಾರೆ. ಕಸ ಗುಡಿಸುವವರ ಕಣ್ಣಿಗೇ ನೆಲದ ಮೇಲೆ ಬಿದ್ದದ್ದು ಮೊದಲು ಕಾಣುವುದು ಎಂಬುದನ್ನು ನೆನೆದರೆ ಆ ಪ್ರತಿಜ್ಞೆಯ ತೂಕ ತಿಳಿಯುತ್ತದೆ. ಕಾಣದ್ದನ್ನು ಬಿಡುವುದು ಸುಲಭ. ದಿನವೂ ಕಾಲಿಗೆ ತೊಡರುವುದನ್ನು ಬಿಡುವುದು ವ್ರತ. ಅದೇ ಸತ್ಯಕ್ಕನವರು ದೇಹದ ಕುರುಹುಗಳಿಂದ ಹೆಣ್ಣು ಗಂಡು ಎಂದು ನಿರ್ಣಯಿಸಲಾಗದೆಂದೂ ಹೇಳಿದರು. ಪೊರಕೆ ಹಿಡಿದ ಕೈಗೆ ತತ್ತ್ವವನ್ನು ಹೇಳುವ ಅಧಿಕಾರವೂ ಉಂಟೆಂಬುದನ್ನು ಲೋಕವು ಅವರಿಂದ ಕಂಡಿತು.

ಕದಿರೆ ರೆಮ್ಮವ್ವೆಯವರು ನೂಲುವವರು. ತಾವು ತಿರುಗಿಸುವ ರಾಟೆಯ ಕುಲವನ್ನು ಕೇಳಿರೆಂದು ಅವರು ಲೋಕವನ್ನು ಕರೆದು, ಅದರ ಒಂದೊಂದು ಭಾಗದಲ್ಲಿಯೂ ಬ್ರಹ್ಮ, ವಿಷ್ಣು, ರುದ್ರರನ್ನು ಕಾಣಿಸಿದರು. ಕುಲವನ್ನು ಕೇಳುವ ಸಮಾಜಕ್ಕೆ ರಾಟೆಯ ಕುಲವನ್ನು ಉತ್ತರವಾಗಿ ಕೊಟ್ಟ ಈ ಜಾಣ್ಮೆಯಲ್ಲಿ ಹಾಸ್ಯವೂ ಇದೆ, ಪ್ರತಿಭಟನೆಯೂ ಇದೆ. ಉಪಕರಣವು ದೈವಮಯವಾದ ಮೇಲೆ ಅದನ್ನು ಹಿಡಿದ ಕೈ ಕೀಳಾಗುವುದೆಂತು?

ಇದೇ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳಿದವರು ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯವರು. ಅಸ್ಪೃಶ್ಯವೆನಿಸಿದ್ದ ಕುಲದಲ್ಲಿ ಹುಟ್ಟಿದ ಉರಿಲಿಂಗಪೆದ್ದಿಗಳು ಇಂದಿನ ಮಹಾರಾಷ್ಟ್ರದ ಕಂಧಾರದಲ್ಲಿ ಗುರು ಉರಿಲಿಂಗದೇವರ ತರುವಾಯ ಮಠಾಧಿಪತಿಗಳಾದರೆಂದು ಚರಿತ್ರೆ ಹೇಳುತ್ತದೆ. ಕಾಳವ್ವೆಯವರು ಊರಿನ ಒಳಗೆ ಯಾರಿರಬೇಕು, ಹೊರಗೆ ಯಾರಿರಬೇಕೆಂಬುದನ್ನು ಆಹಾರದ ಮೇಲೆ ನಿರ್ಣಯಿಸುವವರ ಇಬ್ಬಂದಿತನವನ್ನು ಬಯಲಿಗೆಳೆದರು. ಹಾಗೆಂದು ಶರಣರನ್ನು ಬಿಟ್ಟುಬಿಡಲಿಲ್ಲ. ಕಾಯಕವಿಲ್ಲದವನು ಭಕ್ತನೇ ಅಲ್ಲವೆಂದು ಒಳಗಿನವರಿಗೂ ಅಷ್ಟೇ ಕಟುವಾಗಿ ಹೇಳಿದರು. ಊರ ಹೊರಗೆ ಇರಿಸಲ್ಪಟ್ಟ ಸಮುದಾಯದ ತಾಯಿಯೊಬ್ಬರು ಭಕ್ತಿಯ ಲಕ್ಷಣವನ್ನು ನಿರೂಪಿಸಿದ್ದು, ಆ ಮಾತನ್ನು ಶರಣಪರಂಪರೆಯು ಗೌರವದಿಂದ ಕಾಪಾಡಿದ್ದು ಸಾಮಾನ್ಯ ಸಂಗತಿಯಲ್ಲ.

ಸೂಳೆ ಸಂಕವ್ವೆಯವರದು ದೊರೆತಿರುವುದು ಒಂದೇ ಒಂದು ವಚನ, ಅಂಕಿತ ನಿರ್ಲಜ್ಜೇಶ್ವರ. ಒಬ್ಬರಿಂದ ಒತ್ತೆಯನ್ನು ಪಡೆದ ಮೇಲೆ ಇನ್ನೊಬ್ಬರಿಂದ ಪಡೆಯುವುದು ವ್ರತಭಂಗವೆಂದು ಅವರು ತಮ್ಮ ವೃತ್ತಿಯ ಪರಿಭಾಷೆಯಲ್ಲಿಯೇ ಏಕನಿಷ್ಠೆಯನ್ನು ಹೇಳಿದ್ದಾರೆ. ಸಮಾಜವು ಬಳಸಿಕೊಂಡು ಹೊರಗಿಟ್ಟ ಸ್ತ್ರೀಯನ್ನು ಕಲ್ಯಾಣವು ಒಳಗೆ ಕರೆಯಿತು. ಕರೆದ ಮೇಲೆ ಅವರ ಹಿಂದಿನ ಹೆಸರನ್ನು ಮುಚ್ಚಿಡಲಿಲ್ಲ. ನಾಚಿಕೆಪಡಬೇಕಾದವರು ಯಾರೆಂಬ ಪ್ರಶ್ನೆಯು ಆ ಅಂಕಿತದಲ್ಲಿಯೇ ಅಡಗಿದೆ. ಒಂದೇ ವಚನವಿದ್ದರೂ ಅದನ್ನು ಬಿಡದೆ ಸಂಗ್ರಹಿಸಿದ ಹಿರಿಯರ ದೃಷ್ಟಿ ವಂದನೀಯವಾದುದು.

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮಲೇಶ್ವರಲಿಂಗ; ಕಾಳವ್ವೆಯವರದು ಉರಿಲಿಂಗಪೆದ್ದಿಗಳರಸ; ಹಡಪದ ಅಪ್ಪಣ್ಣನವರ ಸತಿ ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚನ್ನಬಸವಣ್ಣ. ಹೀಗೆ ಅಂಕಿತದಲ್ಲಿ ಪತಿಯ ಹೆಸರು ಬರುವುದರಿಂದ ಇವರ ಮಾತು ಸ್ವತಂತ್ರವಲ್ಲವೇ? ವಚನಗಳನ್ನು ಓದಿದರೆ ಸಂದೇಹ ನಿವಾರಣೆಯಾಗುತ್ತದೆ. ಮಾರಯ್ಯನವರ ಹೆಸರುಳ್ಳ ಅಂಕಿತದಲ್ಲಿಯೇ ಲಕ್ಕಮ್ಮನವರು ಮಾರಯ್ಯನವರನ್ನು ತಿದ್ದಿದ್ದಾರೆ. ಇದು ಅಧೀನತೆಯ ಗುರುತಲ್ಲ, ಸಹಧರ್ಮದ ಗುರುತು. ತಿದ್ದಿಸಿಕೊಂಡ ಮಾರಯ್ಯನವರ ಹಿರಿಮೆಯೂ ಅದರಿಂದ ಕುಗ್ಗಲಿಲ್ಲ, ಹೆಚ್ಚಿತು.

ಈ ಸಮಾನತೆಗೆ ಕಲ್ಯಾಣವು ಬೆಲೆ ತೆರಬೇಕಾಯಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣಧರ್ಮದಂತೆ ವಿವಾಹ ನಡೆದಾಗ ವರ್ಣವ್ಯವಸ್ಥೆಯ ಬುಡವೇ ಅಲುಗಿತು. ಬಿಜ್ಜಳನ ಆಜ್ಞೆಯಿಂದ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. 1167ರ ಸುಮಾರಿಗೆ ಕಲ್ಯಾಣವು ರಕ್ತದಲ್ಲಿ ತೊಯ್ದಿತು. ಇತಿಹಾಸವು ಶಿಕ್ಷೆಗೊಳಗಾದ ತಂದೆಯರನ್ನು ಸ್ಮರಿಸುತ್ತದೆ, ಅದು ಯುಕ್ತವೇ. ಆದರೆ ಆ ಮನೆಯಲ್ಲಿ ಹರಳಯ್ಯನವರ ಸತಿ ಕಲ್ಯಾಣಮ್ಮನವರೂ ಇದ್ದರು. ಹುಟ್ಟಿದ ಕುಲದ ಗೋಡೆಯನ್ನು ದಾಟಿ ಸೊಸೆಯಾಗಿ ಬಂದ ಮಧುವರಸರ ಮಗಳೂ ಇದ್ದರು. ಸಮಾನತೆಯ ತತ್ತ್ವವನ್ನು ಗಂಡಸರು ಸಭೆಯಲ್ಲಿ ಒಪ್ಪಿದರೆ, ಈ ಸ್ತ್ರೀಯರು ಅದನ್ನು ಮನೆಯ ಒಳಗೆ ಬರಮಾಡಿಕೊಂಡರು.

ಅನಂತರ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಬಸವಣ್ಣನವರ ಅಕ್ಕ, ಚನ್ನಬಸವಣ್ಣನವರ ತಾಯಿ ಅಕ್ಕನಾಗಮ್ಮನವರು ಮಗನೊಡನೆ, ಶರಣಗಣದೊಡನೆ ಉಳವಿಯತ್ತ ನಡೆದರು. ಮಹಾಮನೆಯ ದಾಸೋಹವನ್ನು ನಡೆಸಿದ ಕೈಗಳು ಈಗ ವಚನದ ಕಟ್ಟುಗಳನ್ನು ಕಾಯುವ ಕೈಗಳಾದವು. ಗಂಗಾಂಬಿಕೆಯವರು ಆ ಹಾದಿಯಲ್ಲಿಯೇ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಬೆಳಗಾವಿ ಜಿಲ್ಲೆಯ ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿ ಅವರ ಐಕ್ಯಮಂಟಪವಿದೆ. ನೀಲಾಂಬಿಕೆಯವರ ಐಕ್ಯಸ್ಥಳ ಕೃಷ್ಣೆಯ ದಡದ ತಂಗಡಗಿ. ಇಂದು ಭಕ್ತರು ಓದುವ ಒಂದೊಂದು ವಚನವೂ ಇಂತಹ ತ್ಯಾಗದ ಹಾದಿಯನ್ನು ದಾಟಿ ಬಂದದ್ದು.

ಆ ತರುವಾಯ ವಚನದ ತಾಡೋಲೆಗಳು ಮಠಗಳಲ್ಲಿ, ಭಕ್ತರ ಜಗುಲಿಗಳ ಮೇಲೆ ಪೂಜೆಗೊಳ್ಳುತ್ತ ಬಹುಕಾಲ ಉಳಿದವು. ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಫ. ಗು. ಹಳಕಟ್ಟಿಯವರು ಅವನ್ನು ಮನೆಮನೆಯಿಂದ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಪೂಜೆಯಲ್ಲಿದ್ದ ಓಲೆಗಳು ಓದಿಗೆ ಬಂದವು. ಅದರೊಂದಿಗೆ ಆಯ್ದಕ್ಕಿಯ, ರಾಟೆಯ, ಪೊರಕೆಯ ಶರಣೆಯರೂ ಮತ್ತೆ ಸಮಾಜದ ಮುಂದೆ ಬಂದು ನಿಂತರು.

ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯವರ ಹೆಸರನ್ನಿಡಲಾಯಿತು. 2024ರಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವು ಸಂತೋಷದ ಸಂಗತಿಗಳು. ಆದರೆ ಲಕ್ಕಮ್ಮ, ಸತ್ಯಕ್ಕ, ಕಾಳವ್ವೆಯರಿಗೆ ಸಲ್ಲಬೇಕಾದ ಗೌರವವು ಹೆಸರಿಡುವುದರಿಂದ ತೀರುವಂಥದಲ್ಲ. ಪ್ರತಿ ಮಠದ ದಾಸೋಹದ ಮನೆಯಲ್ಲಿ ಇಂದಿಗೂ ಅಕ್ಕಿ ಆರಿಸುವ, ರೊಟ್ಟಿ ತಟ್ಟುವ, ಅಂಗಳ ಗುಡಿಸುವ ತಾಯಂದಿರಿದ್ದಾರೆ. ಅನುಭಾವಗೋಷ್ಠಿಯು ಆರಂಭವಾದಾಗ ಅವರು ಅಡುಗೆಮನೆಯಲ್ಲಿಯೇ ಉಳಿದುಬಿಟ್ಟರೆ ಮಹಾಮನೆಯ ಅರ್ಧ ತತ್ತ್ವವು ಅಂಗಳದಲ್ಲಿಯೇ ಉಳಿದಂತೆ. ಅವರಿಗೂ ಗೋಷ್ಠಿಯಲ್ಲಿ ಆಸನವಿರಬೇಕು. ಅವರ ಪ್ರಶ್ನೆಗೆ ಉತ್ತರ ಕೊಡುವ ವಿನಯ ಹಿರಿಯರಲ್ಲಿರಬೇಕು. ಹೆಚ್ಚಿನದು ಮನೆಗೆ ಬಂದ ದಿನ ಅದು ಯಾರಿಗೆ ಸೇರಬೇಕಾದುದೆಂದು ಕೇಳುವ ಲಕ್ಕಮ್ಮನವರ ಎಚ್ಚರವು ಪ್ರತಿ ಭಕ್ತನ ಮನೆಯಲ್ಲಿರಬೇಕು.

ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ಹೊತ್ತು ಹಿಂತಿರುಗಿ ನಡೆದರು. ಅಂದು ಮನೆಯ ಮಾತಿಗೆ ಮಣಿದದ್ದರಿಂದಲೇ ಆ ಕಾಯಕವು ಕಳಂಕವಿಲ್ಲದೆ ಉಳಿಯಿತು. ಮನೆಯ ಆ ಮಾತನ್ನು ಆಲಿಸುವುದೇ ಶರಣೆಯರಿಗೆ ಸಲ್ಲಿಸುವ ನಿಜವಾದ ಪೂಜೆ.