ರೋಧ: ದಡದಿಂದ ತಂತಿಗೆ

ಮುಳಬಾಗಿಲು ಬಳಿಯ ಆವನಿಯಲ್ಲಿ ಶೈವ ಯತಿ ತ್ರಿಭುವನಕರ್ತಾರ ನಲವತ್ತು ವರ್ಷ ಆಳಿ, ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಹತ್ತನೆಯ ಶತಮಾನದ ಶಾಸನ ಹೇಳುತ್ತದೆ. ಗುಡಿಗಳ ಲೆಕ್ಕ ಇತಿಹಾಸಕಾರರಿಗಿರಲಿ, ನನಗೆ ಬೇಕಾದದ್ದು ಕೆರೆ. ಹರಿದುಹೋಗುವ ನೀರಿಗೆ ಅಡ್ಡ ಏರಿ ಹಾಕಿದರೆ ಕೆರೆ. ಈ ಏರಿ ಗಡಿ ದಾಟಿ ತಮಿಳಿಗೆ ಹೋದರೆ ಕೆರೆಯೇ ಆಗಿಬಿಡುತ್ತದೆ. ತೆಲುಗಿನವರು ಏರಿಗೆ ‘ಕಟ್ಟ’ ಎನ್ನುತ್ತಾರೆ. ಸಂಸ್ಕೃತದಲ್ಲಿ ನೀರನ್ನು ಹಿಡಿದಿಡುವ ದಡಕ್ಕೊಂದು ಹೆಸರು ‘ರೋಧಸ್’. ದಡಗಳಿರುವವಳು ‘ರೋಧೋವತೀ’, ಅಂದರೆ ನದಿ.

‘ರುಧ್’ ಎಂದರೆ ತಡೆ. ಅದರ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ: ವಿರೋಧ, ಅವರೋಧ, ಪ್ರತಿರೋಧ. ಅವರೋಧ ಒಂದು ಕಾಲಕ್ಕೆ ಅರಮನೆಯ ಅಂತಃಪುರವೂ ಆಗಿತ್ತು. ಯೋಗಿಗಳ ಚಿತ್ತದ ‘ನಿರೋಧ’ 1968ರಲ್ಲಿ ಕುಟುಂಬ ಯೋಜನೆಯ ಪೊಟ್ಟಣದ ಮೇಲೆ ಕೂತ ಮೇಲೆ, ಪತಂಜಲಿಯ ಪಾಠ ಹೇಳುವ ಮೇಷ್ಟ್ರುಗಳಿಗೆ ಕೊಂಚ ಕಷ್ಟವಾಯಿತು.

ಉಪಸರ್ಗವಿಲ್ಲದ ಬರೀ ‘ರೋಧ’ ಮಾತ್ರ ಭೌತಶಾಸ್ತ್ರದ ಪುಸ್ತಕ ಸೇರಿತು. 1827ರಲ್ಲಿ ಜರ್ಮನಿಯ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮ ನಮ್ಮ ಮಕ್ಕಳಿಗೆ ಬರುವುದು ಈ ಪದದಲ್ಲೇ: ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯ ರೋಧ 46 ಓಮ್, ಸಾಮರ್ಥ್ಯ 1,150 ವ್ಯಾಟ್. (ಬೋರ್‌ವೆಲ್ ಮೋಟಾರಿಗೆ ಈ ನೇರ ಲೆಕ್ಕ ನಡೆಯದು, ಅಲ್ಲಿ ಪವರ್ ಫ್ಯಾಕ್ಟರ್ ಮೂಗು ತೂರಿಸುತ್ತದೆ.) ಪ್ರವಾಹ, ರೋಧ ಎರಡೂ ನದಿಯ ಮಾತುಗಳು. ಪದ ಕಟ್ಟಿದವರ ಮನಸ್ಸಿನಲ್ಲಿ ದಡವಿತ್ತು ಎಂದು ಸಾಧಿಸಲಾರೆ, ತಡೆ ಎಂಬ ಅರ್ಥವೇ ಅವರಿಗೆ ಸಾಕಾಗಿದ್ದೀತು. ಆದರೂ ಜೋಡಿ ಚೆನ್ನಾಗಿ ಕೂತಿದೆ. ರೋಧ ಪ್ರವಾಹವನ್ನು ನಿಲ್ಲಿಸುವುದಿಲ್ಲ, ಎಷ್ಟು ಹರಿಯಬೇಕೆಂದು ಗೊತ್ತುಮಾಡುತ್ತದೆ. ಇಸ್ತ್ರಿಪೆಟ್ಟಿಗೆ ಕಾಯುವುದೂ ಅದರಿಂದಲೇ.

ಬೇಡದ ಕಡೆ ಕಾಯುವುದೂ ಅದರಿಂದಲೇ. ಕಾವೇರಿಯ ಶಿವನಸಮುದ್ರ ಜಲಪಾತದ ವಿದ್ಯುತ್ತು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿ ತಲುಪಿತು. ನಡುವೆ ಸುಮಾರು 92 ಮೈಲಿ ತಂತಿ, ಅಷ್ಟು ಉದ್ದಕ್ಕೂ ರೋಧ. ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುವ ಸಾಮರ್ಥ್ಯವೆಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಅದೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಹತ್ತರಲ್ಲೊಂದು ಪಾಲು, ಸೋರಿಕೆ ನೂರರಲ್ಲೊಂದು ಪಾಲು. ಅದಕ್ಕೇ ಆ ತಂತಿಗೆ ಮೂವತ್ತು ಸಾವಿರ ವೋಲ್ಟಿನ ಆಸುಪಾಸು ಏರಿಸಿ ಕಳಿಸಿದ್ದು. ಕಾವೇರಿಯ ನೀರು ಕೋಲಾರಕ್ಕೆ ಬರಲಿಲ್ಲ, ಅದರ ಧುಮುಕು ಮಾತ್ರ ತಂತಿ ಹಿಡಿದು ಬಂತು.

ಇಷ್ಟಾಗಿಯೂ ರೋಧ ಪಠ್ಯಪುಸ್ತಕದಿಂದಾಚೆ ಕಾಲಿಡಲಿಲ್ಲ. ಮುಳಬಾಗಿಲು ಕಡೆಯ ತೋಟದಲ್ಲಿ ಅದನ್ನು ಯಾರೂ ಆಡುವುದಿಲ್ಲ. ಅಲ್ಲಿನ ಮಾತು ಕರೆಂಟು. ಲ್ಯಾಟಿನ್‌ನ ‘ಓಡು’ ಎಂಬ ಕ್ರಿಯಾಪದದಿಂದ ಹುಟ್ಟಿ, ಇಂಗ್ಲಿಷಿನಲ್ಲಿ ಹೊಳೆಯ ಹರಿವಿಗೂ ಹೆಸರಾಗಿ, ಇಲ್ಲಿಗೆ ಬಂದದ್ದು. ಲೈನು ದೂರವಾಗಿ, ರೋಧ ಹೆಚ್ಚಾಗಿ, ಕೊನೆಯ ಕಂಬದಲ್ಲಿ ವೋಲ್ಟು ಕುಸಿದಾಗ ರೈತ ಹೇಳುವುದಿಷ್ಟೇ: “ವೋಲ್ಟೇಜ್ ಇಲ್ಲ, ಮೋಟಾರ್ ನೀರೆತ್ತಲ್ಲ.” ನಡುರಾತ್ರಿ ಸರಿಹೋದರೆ, ಕೂಗು ಹೀಗೆ: “ಕರೆಂಟು ಬಂತು, ನೀರು ಕಟ್ಟೋಗು!”